ಕಬ್ಬಿನ ಹಾಲು ಕುಡಿದ ಕಾರು

ಹಳೇ ಕಾರು ಇಟ್ಟುಕೊಂಡವರ ಸಂಬಂಧಿಕರಾಗಿದ್ದರೆ ಸಾಕು, ನಾವು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಇಂಥ ಫಜೀತಿಗಳೆಲ್ಲ ಹುಡುಕಿಕೊಂಡು ಬರುತ್ತವೆ.

ನನ್ನ ಸೋದರಮಾವ ಬನಹಟ್ಟಿಯವರು. ಮಗ್ಗದಲ್ಲಿ ಸೀರೆ ನೇಯಿಸುತ್ತಾರೆ. ಅವರಪ್ಪನ ಕಾಲದ ಗುಂಡು ಬೆನ್ನಿನ ಕಾರು ಇನ್ನೂ ಇದೆ. ಒಬ್ಬಳೇ ಮಗಳ ಮದುವೆ ಮುಧೋಳದ ಹುಡುಗನ ಜೊತೆ ನಿಶ್ಚಯವಾದಾಗ ಅವಳು ಕೇಳಿದ್ದು ಒಂದೇ: “ನಾ ಅಪ್ಪನ ಗಾಡ್ಯಾಗ ಗಂಡನ ಮನಿಗೆ ಹೋಗಾಕಿ.”

“ನಮ್ಮ ಹೊಸಾ ಗಾಡಿ ಕಳಸ್ತೀವಲ್ರಿ. ನಿಮ್ದು ಮುಧೋಳ ಮುಟ್ಟತೈತೇನು?” ಎಂದು ಬೀಗರು ವಿನಯದಿಂದಲೇ ಕೇಳಿದ್ದರು. ಅಂದಿನಿಂದ ಮಾಮಾಗೆ ಅನ್ನ ರುಚಿಸುತ್ತಿರಲಿಲ್ಲ.

೧. ಸತ್ಕಾರ

ಮದುವೆ ಕಾರ್ಡು ಹಂಚಲು ಮಾಮಾ, ನಾನು ಅದೇ ಕಾರಿನಲ್ಲಿ ಮುಧೋಳಕ್ಕೆ ಹೊರಟೆವು. ಮಹಾಲಿಂಗಪುರ ದಾಟುತ್ತಲೇ ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನಲ್ಲಿ ನೀರಿಲ್ಲ. ಎದುರಿಗೆ ಬೆಲ್ಲದ ಗಾಣ. ಗಾಣಕ್ಕೆ ಬಂದವರನ್ನು ಕಬ್ಬಿನ ಹಾಲು ಕುಡಿಸದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಗಾಣದ ಯಜಮಾನರು ನಮ್ಮಿಬ್ಬರ ಕೈಗೂ ಹಾಲು ತುಂಬಿದ ಒಂದೊಂದು ಚರಗಿ ಕೊಟ್ಟರು. ಮಾಮಾ ಗಾಡಿಗೆ ನೀರು ಕೇಳಿದರು.

“ಕರೆಂಟ್ ಇಲ್ರಿ, ಬೋರ್ ಬಂದ್ ಐತಿ. ಹಾಲು ಬೇಕಾದಷ್ಟೈತಿ.”

“ಗಾಡಿಗೆ ಹಾಲೇನ್ರಿ?”

“ನೀವು ಹಾಲು ಕುಡದು ಅದಕ್ಕ ಬರೇ ನೀರು ಕುಡಿಸಿದ್ರ ಹೆಂಗರೀ? ಅದೂ ದೂರದಿಂದ ಬಂದೈತಿ.”

ಕೊಟ್ಟದ್ದನ್ನು ಬೇಡ ಎನ್ನುವ ವಿದ್ಯೆ ಮಾಮಾಗೆ ತಿಳಿಯದು. ಕಾದ ಇಂಜಿನ್ನಿಗೆ ತಣ್ಣನೆಯ ಕಬ್ಬಿನ ಹಾಲು ಬಕೆಟ್‌ಗಟ್ಟಲೆ ಇಳಿಯಿತು. ಗಾಡಿ ಹೊರಟಿತು. ಬೆಲ್ಲ ಕುದಿಯುವ ವಾಸನೆ ಬಂತು. ಗಾಣದ್ದೆಂದುಕೊಂಡೆ. ಗಾಣ ಹಿಂದೆ ಉಳಿಯಿತು, ವಾಸನೆ ಮಾತ್ರ ನಮ್ಮ ಜೊತೆಗೇ ಬಂತು.

೨. ಪರೀಕ್ಷೆ

ನಡುದಾರಿಯಲ್ಲಿ ಕೆಟ್ಟು ನಿಂತ ಕಾರನ್ನು ಕಬ್ಬಿನ ಟ್ರ್ಯಾಕ್ಟರೊಂದು ಎಳೆದು ಜಮಖಂಡಿಯ ಗ್ಯಾರೇಜಿಗೆ ಮುಟ್ಟಿಸಿತು. ಮೆಕ್ಯಾನಿಕ್ ಸಿಲಿಂಡರ್ ಹೆಡ್ ಬಿಚ್ಚಿದ. ಇಂಜಿನ್ನಿನ ಮೇಲೆ ಬಿಗಿದು ಕೂರುವ ಕಬ್ಬಿಣದ ಮುಚ್ಚಳ ಅದು. ತಳ ಮೇಲೆ ಬರುವಂತೆ ತಿರುವಿ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿ ನಿಲ್ಲಿಸಿ, ಹಿಂದೆ ಬ್ಯಾಟರಿ ದೀಪ ಹಿಡಿದ. ಪಟ್ಟಿಯ ಕೆಳಗಿನಿಂದ ಬೆಳಕು ತೂರಿ ಬಂತು.

“ಕಾಯ್ದು ಬಾಗೇತ್ರಿ. ಬೆಳಕ ಕಾಣಬಾರದು.”

ಬೀಳಗಿಯಿಂದ ಟೈರು ತೋರಿಸಲು ಬಂದವರು, ಚಹಾ ತಂದವರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲರೂ ಸಂಕಷ್ಟಿಯ ಚಂದ್ರನನ್ನು ನೋಡುವಂತೆ ಸರದಿಯಲ್ಲಿ ಬಗ್ಗಿ ಆ ಬೆಳಕನ್ನು ನೋಡಿ, ಮಾಮಾನ ಕಡೆ ತಿರುಗಿ ಲೊಚಗುಟ್ಟಿದರು. ಮಾಮಾ ಮೆಲ್ಲಗೆ, “ಮದವಿಗೆ ಆಗತೈತೇನಪಾ?” ಎಂದರು.

“ಮುಧೋಳದಾಗ ಮಷಿನ್‌ಗೆ ಹಾಕಿ ಸಪಾಟ ಮಾಡಸ್ರಿ, ಆಗತೈತಿ. ಭಾಳ ತೆಳ್ಳಗಾಗೇತಿ, ಇದ ಕಡೀ ಸಲ. ಮತ್ತ ಕಾಯ್ತಂದ್ರ ಗುಜರಿಗೇ.” ಆಮೇಲೆ ನೀರಿನ ದಾರಿಯಲ್ಲಿ ಅಂಟಿದ್ದ ಕಪ್ಪನ್ನು ಬೆರಳಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. “ಇಂಜಿನ್ ಕೆಟ್ಟೈತ್ರಿ. ಬೆಲ್ಲ ಛಲೋ ಬಂದೈತಿ.”

೩. ತೊಡೆಯ ಮೇಲಿನ ಕೂಸು

ಮುಧೋಳದಲ್ಲಿ ತಳ ಉಜ್ಜಿಸಿ ಕನ್ನಡಿಯಂತಾದ ಹೆಡ್ಡನ್ನು ಜಮಖಂಡಿಗೆ ಬಸ್ಸಿನಲ್ಲಿ ಒಯ್ದೆವು. ಗೀರು ಬೀಳಬಾರದೆಂದು ಮಾಮಾ ಅದನ್ನು ತಮ್ಮದೇ ಮಗ್ಗದ ಹೊಸ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಪಕ್ಕದ ಸೀಟಿನ ಅಜ್ಜಿಗೆ ತಡೆಯಲಾಗಲಿಲ್ಲ.

“ಎಷ್ಟ ತಿಂಗಳದ್ದೋ ಯಪ್ಪಾ?”

ಮಾಮಾನ ಲಕ್ಷ್ಯವೆಲ್ಲ ಗುಂಡಿಯ ಮೇಲೆ. “ಅರವತ್ತ ವರ್ಷದ ಮ್ಯಾಲಾತಬೇ.”

ಅಜ್ಜಿ ಎದ್ದು ಕಂಡಕ್ಟರನ ಹತ್ತಿರ ಹೋಗಿ ಕೂತಳು.

೪. ಪಥ್ಯ

ಮದುವೆ ಬನಹಟ್ಟಿಯಲ್ಲೇ ಆಯಿತು. ಮದುಮಗಳನ್ನು ಕರೆದುಕೊಂಡು ಕಾರು ಮುಧೋಳಕ್ಕೆ ಹೊರಟಿತು. ಮಾಮಾ ತಾವೇ ಓಡಿಸುತ್ತಿದ್ದರು. ನಾನು ಮುಂದೆ, ಮದುಮಕ್ಕಳು ಹಿಂದೆ. ಬೀಗರ ಹೊಸ ಗಾಡಿ ಬೆನ್ನ ಹಿಂದೆಯೇ ನಿಧಾನವಾಗಿ ಬರುತ್ತಿತ್ತು, ಬೇಕಾದೀತೆಂದು.

ಮಹಾಲಿಂಗಪುರ ದಾಟಿತು. ಅದೇ ಗಾಣ. ಯಜಮಾನರು ಬಕೆಟ್ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಮಾಮಾ ನಿಲ್ಲಿಸಿದರು. ನಮಗೆಲ್ಲ ಚರಗಿ ಬಂತು. ಬಕೆಟ್ ಬಾನೆಟ್ಟಿನ ಕಡೆ ನಡೆಯಿತು.

“ಹೋದ ಸಲ ಪ್ರೀತಿಲೆ ಕುಡೀತು. ಇವತ್ತಂತೂ ಮದವಿ ಐತಿ, ಬಿಡಾಂಗಿಲ್ಲ.”

ಹೋದ ಸಲ ಏನಾಯಿತೆಂದು ಹೇಳಿದರೆ ಅವರ ಮನಸ್ಸು ನೋಯುತ್ತದೆ. ಹೇಳದಿದ್ದರೆ ಹೆಡ್ ಗುಜರಿಗೆ. ಮಾಮಾ ಬೆವರುತ್ತ ಇಳಿದರು. ಕೈ ತಾನಾಗಿಯೇ ಬಾನೆಟ್ ಎತ್ತತೊಡಗಿತು.

ಬನಹಟ್ಟಿಯಿಂದ ಅಳುತ್ತಲೇ ಬಂದಿದ್ದ ಮದುಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಕಾಕಾ, ಬ್ಯಾಡ್ರಿ. ಅದಕ್ಕ ಸಕ್ಕರಿ ಬ್ಯಾನಿ ಬಂದೈತ್ರಿ. ಜಮಖಂಡ್ಯಾಗ ತೋರ್ಸೇವಿ, ಸಿಹಿ ಬಂದ್ ಮಾಡ್ಯಾರ.”

ನಮ್ಮ ಕಡೆ ಸತ್ಕಾರವನ್ನು ಒಲ್ಲೆ ಎನ್ನಲು ನಡೆಯುವ ಕಾರಣ ಇದೊಂದೇ. ಯಜಮಾನರು ಬಕೆಟ್ ಕೆಳಗಿಟ್ಟು, ಬಾನೆಟ್ಟನ್ನು ಮೆಲ್ಲಗೆ ಸವರಿ, ಮಾಮಾನ ಕಡೆ ಕನಿಕರದಿಂದ ನೋಡಿದರು.

“ಹಂಗಾರ ಅದಕ್ಕ ಸಕ್ಕರಿ ಇಲ್ಲದ ಚಾ ಮಾಡಸ್ಲೇನ್ರಿ?”