ನನ್ನ ಗಾಡಿ ಒಂದ ಕಿಕ್ಕಿಗೆ ಏಳ್ತಿತ್ತು

ಇಡೀ ಗೋವಾದಾಗ ಆ ಹಳೇ ಗಾಡಿನ್ನ ಒಂದ ಕಿಕ್ಕಿಗೆ ಎಬ್ಬಿಸಿದಾಂವ ನಾನೊಬ್ಬನ. ಕಣ್ಣಾರೆ ನೋಡಿದವರು ಇಬ್ಬರಿದ್ರು. ಒಬ್ಬಾಂವ ಪೋರ್ತುಗಾಲಕ್ಕ ಹೋಗಿ ಅಲ್ಲೇ ಉಳಕೊಂಡ, ಇನ್ನೊಬ್ಬಾಂವ ಅದಕ್ಕಿಂತ ದೂರ ಹೋದ. ಹಂಗಾಗಿ ನನ್ನ ಮಾತ ನಂಬಬೇಕು. ಈಗಿನವರು ಗುಂಡಿ ಒತ್ತಿ ಹೊಂಟಬಿಡ್ತಾರ, ಅವರಿಗೆ ಹೇಳಾಕ ಏನ ಇರತೈತಿ? ಕಿಕ್ ಹೊಡದವರಿಗೆ ದಿನಾ ಒಂದು ಕತಿ.

ಗೋಡಂಬಿ ಗಿಡದ ಪೈಲವಾನ

ಎಂಬತ್ತನೇ ಇಸ್ವಿ ದಾಟಿದ ಮ್ಯಾಲಿನ ಮಾತು. ವಾಸ್ಕೋದಾಗ ಒಬ್ಬ ಕ್ರಿಸ್ತಾಂವ ಅಜ್ಜ ಮಗನ ಕಡೆ ಪೋರ್ತುಗಾಲಕ್ಕ ಹೊಂಟಿದ್ದ. ಅವನ ಅಂಗಳದಾಗ ಪೋರ್ತುಗೀಜರ ಕಾಲದ ಮೋಟರ್ ಸೈಕಲ್, ಎಮ್ಮಿಯಂಥಾದ್ದು. ಕೊಳ್ಳಾಕ ಬಂದ ಪೈಲವಾನ ಒಬ್ಬ ಕಿಕ್ ಹೊಡದ. ಕಿಕ್ ತಿರುಗಿ ಅವನಿಗೇ ಹೊಡೀತು. ಆಂವ ಹಾರಿ ಗೋಡಿ ಆಚೆ ಗೋಡಂಬಿ ಗಿಡದಾಗ ಕುಂತ! ಇಳಸಾಕ ನಿಚ್ಚಣಿಕಿ ಬೇಕಾತು.

ನಾ ಚಪ್ಪಲಿ ಬಿಟ್ಟು, ಗಾಡಿಗೆ ಕೈ ಮುಗದು, ಒಂದ ಕಿಕ್ ಕೊಟ್ಟೆ. ಧಡ್ ಧಡ್ ಧಡ್! ಅಜ್ಜ ಶಿಲುಬಿ ಗುರುತು ಮಾಡಕೊಂಡು ಅಂದ: "ಬಾಬಾ, ಜನ್ಮ ಎಲ್ಲಾ ಇದನ್ನ ನೂಕೇನಿ. ಇದಕ್ಕ ಕಿಕ್ ಐತಿ ಅನ್ನೂದ ಮರತಿದ್ದೆ."

ಕುಣಿಯೋ ಬರಣಿ

ಗಾಡಿ ನಾನ ಕೊಂಡೆ. ಗೋವಾದ ಬಾಡಿಗಿ ಮೋಟರ್ ಸೈಕಲ್ಲಿನಂಗ ಹಳದಿ-ಕರಿ ಬಣ್ಣ ಬಳದು, ಹಿಂದ ಮಂದೀನ ಕುಂಡ್ರಿಸಿಕೊಂಡು ಬಾಡಿಗಿ ಹೊಡ್ಯಾಕ ಸುರು ಮಾಡಿದೆ. ವಾಸ್ಕೋದ ಮಂಗೋರ್ ಹಿಲ್‌ದಾಗ ನಮ್ಮ ಖೋಲಿ. ಬಾಜೂಕ ಬೆಳಗಾಂವಿ ಸಾವಕಾರನ ಕಿರಾಣಿ ಅಂಗಡಿ. ಮುಂಜಾನೆ ನಾ ಕಿಕ್ ಕೊಟ್ರ ಅವನ ಪೆಪರಮಿಂಟ್ ಬರಣಿ ಕುಣೀತಿದ್ವು.

"ತಮ್ಮಾ, ಗಾಡಿ ಮಾರಿ ಆ ಕಡೆ ತಿರುವಿ ಹೊಡಿ. ಬರಣಿ ಒಡೀತಾವ."

ತಿರುವಿದೆ. ನಾಕ ದಿನಕ್ಕ ಮತ್ತ ಬಂದ. "ಮೊದಲಿನಂಗ ತಿರುವೋ ಮಾರಾಯಾ!"

"ಯಾಕ್ರಿ ಸಾವಕಾರ್ರ?"

"ಈಗ ಎದುರಿನ ಅಂಗಡ್ಯಾಗ ಬರಣಿ ಕುಣ್ಯಾಕತ್ತಾವ. ಹುಡುಗ್ರೆಲ್ಲಾ ನೋಡಾಕ ಅಲ್ಲೇ ಹೊಂಟಾವ!"

ಗಂಡಿನ ಕಾಲು

ಪೋಂಡಾ ಆಚೆ ಉಸಗಾಂವಕ್ಕ ಹೆಣ್ಣು ನೋಡಾಕ ಹೋದೆ. ಮೈತುಂಬ ಅದಿರು ಲಾರಿ ಎಬ್ಬಿಸಿದ ಕೆಂಪು ಧೂಳ. ಹೆಣ್ಣಿನ ಅಪ್ಪ ಧಾರವಾಡ ಕಡೆಯಾಂವ, ಅರಿವಿ ವ್ಯಾಪಾರಿ. ನನ್ನ ಕಿಕ್ಕಿನ ಸುದ್ದಿ ಕೇಳಿದ್ದ; ಗಳಿಕಿ ಕೇಳಲಿಲ್ಲ, ಕುಲಾನೂ ಕೇಳಲಿಲ್ಲ. ಬಗ್ಗಿ ನನ್ನ ಬಲಗಾಲ ಮೀನಖಂಡ ಒತ್ತಿ ನೋಡಿದ, ಸಂತ್ಯಾಗ ಎತ್ತು ನೋಡಿದಂಗ.

"ಎಡಗಾಲು?"

"ಅದು ಬರೇ ನಿಂದ್ರಾಕ ಐತ್ರಿ ಮಾವಾರ."

ಮಾವ ಒಪ್ಪಿದ, ಆದ್ರ ಒಂದು ಕರಾರು ಹಾಕಿದ. "ಮದಿವಿ ದಿನಾ ಹೊತ್ತು ಮುಳುಗೂದ್ರೊಳಗ ನನ್ನ ಮಗಳು ನಿನ್ನ ಗಾಡಿ ಮ್ಯಾಲ ನಿನ್ನ ಮನಿ ಮುಟ್ಟಬೇಕು. ಒಂದ ಕಿಕ್ಕಿನ ಅಳಿಯ ಅಂತ ಊರೆಲ್ಲಾ ಹೇಳ್ತೇನಿ. ನನ್ನ ಮಾರಿ ಉಳಸು."

ಮದಿವಿ ದಿನಾ

ಹೋದ ವಾರ ನಮ್ಮ ಕಟ್ಟಿ ಮ್ಯಾಲ ಕುಂತವರಿಗೆ ಇದನ್ನ ಹೇಳಾಕತ್ತಿದ್ದೆ. ನಮ್ಮಾಕಿ ಬಾಗಲದಾಗ ಕುಂತು ಮೆಂತೆ ಸೊಪ್ಪು ಸೋಸಾಕತ್ತಿದ್ಲು.

"ಒಂದ ಕಿಕ್ ಕೊಟ್ಟೆ, ಗಾಡಿ ಎದ್ದಿತು. ಆದ್ರ ಕ್ಲಚ್ ವಾಯರ್ ಹರದು ಗಾಡಿ ನಿಂದ್ರವಲ್ದು. ಹಂದರದ ಸುತ್ತ ತಿರಗಾಕತ್ತೆ. ಮಾವ ಧೋತರ ಹಿಡಕೊಂಡು ಹಿಂದಿಂದ ಓಡಿದ. 'ಅಳಿಯಾ, ಹೆಣ್ಣು ಬಿಟ್ಟಿ!' 'ಹತ್ತಸ್ರಿ!' 'ಮೊದಲ ನಿಂದ್ರಸೋ!' 'ನಿಂದ್ರಂಗಿಲ್ರಿ!' ಆವಾಗ ಈಕಿ ಸೆರಗು ಸಿಗಿಸಿ, ಬಾಸಿಂಗ ಸೈತ ಹುಲಿ ಹಂಗ ಜಿಗದು ಹಿಂದ ಕುಂತಳು! ಹೊತ್ತು ಇನ್ನಾ ಸಮುದ್ರದ ಮ್ಯಾಲ ಇತ್ತು, ನಾವು ಮಂಗೋರ್ ಹಿಲ್ ಏರಿದ್ವಿ."

"ಯಾರ್ರಿ ಜಿಗದಾಕಿ?" ಅಂದ್ಲು ನಮ್ಮಾಕಿ, ಸೊಪ್ಪಿನ ಮ್ಯಾಲಿನ ಕಣ್ಣು ತಗೀದ. "ನಾ ಬಂದದ್ದು ಬೀಗರ ಬಸ್ಸಿನಾಗ. ನೀವು ಪೋಂಡಾದ ಏರಿನಾಗ ಬೆವರು ಸುರಿಸಿಕೋತ ಗಾಡಿ ಒದ್ಯಾಕತ್ತಿದ್ರಿ. ಕಿಡಕ್ಯಾಗಿಂದ ನಾ ಕೈ ಬೀಸಿದೆ. ನಮ್ಮಪ್ಪ ನಿಮ್ಮ ಗುರುತ ಇಲ್ಲದಂಗ ಆ ಕಡೆ ಮಾರಿ ಹೊಳ್ಳಿಸಿದ. ನೀವು ಬರೂದ್ರೊಳಗ ಹೊಸ್ತಲದಾಗಿನ ಅಕ್ಕಿ ಸೇರು ಒದ್ದು, ಒಳಗ ಹೋಗಿ, ನಿಮ್ಮವ್ವನ ಕೂಡ ಉಂಡು ಕೈ ತೊಳಕೊಂಡಿದ್ದೆ. ಆ ದಿನಾ ಒಂದ ಒದಿತಕ್ಕ ಕೆಲಸಾ ಆಗಿದ್ದು ಆ ಸೇರಿಂದ ಅಷ್ಟ."

ಕಟ್ಟಿ ಮ್ಯಾಲಿನವರೆಲ್ಲಾ ನನ್ನ ಮಾರಿ ನೋಡಿದ್ರು. ನಾ ಭುಜ ಹಾರಿಸಿದೆ.

"ಇರಬಹುದು. ಗಾಡಿ ಹೊಡಿಯೂವಾಗ ಹಿಂದ ಯಾರ ಕುಂತಾರ ಅಂತ ನಾ ಹೊಳ್ಳಿ ನೋಡಾಂವಲ್ಲ."