ಬುತ್ತಿ ಚೀಲದಲ್ಲಿ ಹೋದ ರಕ್ತ

ಹೆಂಡತಿಯ ರಕ್ತವನ್ನು ಸಾರವಾಡದಿಂದ ವಿಜಯಪುರಕ್ಕೆ ಒಯ್ಯುವುದು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಒಂದು ಕೆಲಸವೇ ಅಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಗಿರಿಜೆಯ ಬೆರಳ ಗೆಣ್ಣುಗಳು ಕೆಲವು ತಿಂಗಳಿಂದ ಬಾತುಕೊಂಡಿದ್ದವು. ರೊಟ್ಟಿ ಬಡಿಯುವುದಿರಲಿ, ಸೀರೆಗೆ ಪಿನ್ನು ಹಾಕಿಕೊಳ್ಳುವುದೂ ಕಷ್ಟ. ದೇಹವನ್ನು ಕಾಯಬೇಕಾದ ಪಡೆಯೇ ದೇಹದ ಮೇಲೆ ತಿರುಗಿಬಿದ್ದ ಕಾಯಿಲೆ. ಆಗಲೇ ತಂದಿಟ್ಟಿದ್ದ ಹೊಸ ಔಷಧಿ ಶುರು ಮಾಡುವ ಮೊದಲು ಅವಳ ರಕ್ತದಲ್ಲಿರುವ ‘ನ್ಯಾಚುರಲ್ ಕಿಲ್ಲರ್ ಟಿ’ ಎಂಬ ಕೋಶಗಳನ್ನು ನೋಡಬೇಕೆಂದು ವಿಜಯಪುರದ ಡಾಕ್ಟರು ಹೇಳಿದ್ದರು. ಔಷಧಿ ಹೊಟ್ಟೆಗೆ ಹೋದ ಮೇಲೆ ಅವುಗಳ ಚಿತ್ರವೇ ಬದಲಾಗುತ್ತದಂತೆ. ಅಂದರೆ ಪರೀಕ್ಷೆ ಆಗುವವರೆಗೂ ಅವಳು ನೋವು ನುಂಗಿಕೊಂಡು ಕೂರಬೇಕು.

ಅವಳ ತವರುಮನೆಯ ಪಡಸಾಲೆಯಲ್ಲಿ ಕೂತು ನಾನು ಪಾಠ ಮಾಡಿದೆ. "ಈ ಕೋಶಗಳ ಹೆಸರು ಒಂದ ಇದ್ರೂ ಎಲ್ಲಾ ಒಂದ ನಮೂನಿ ಅಲ್ಲ. ಕೆಲವು ಉರಿ ಆರಸ್ತಾವು, ಕೆಲವು ಉರಿಗೆ ಗಾಳಿ ಹಾಕ್ತಾವು."

"ನಿಮ್ಮ ಅಣ್ಣತಮ್ಮರು ಇದ್ದಂಗ ಅನ್ರಿ," ಎಂದಳು. "ಮನಿತನದ ಅಡ್ಡಹೆಸರು ಒಂದ. ಒಬ್ಬಾತ ಜಗಳ ಬಿಡಸ್ತಾನ, ಉಳದಾವ್ರು ಹಚ್ಚತಾರ."

"ನಾನು ಯಾವ ನಮೂನಿ?"

"ನೀವು ಜಗಳ ಯಾಕ ಶುರುವಾತು ಅನ್ನೂದ ಮರತಿರ್ತೀರಿ."

ಬಬಲೇಶ್ವರದಿಂದ ಲ್ಯಾಬಿನವನು ಬಂದು ರಕ್ತ ತೆಗೆದುಕೊಟ್ಟ. ಆಗ ಮೊದಲ ಸಂಶಯ. ಡಾಕ್ಟರು ಫೋನಿನಲ್ಲಿ ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಡಿ ಎಂದಿದ್ದರೋ, ಇಡಬೇಡಿ ಎಂದಿದ್ದರೋ? ಬರ್ಫಿನ ಮಾತು ಬಂದದ್ದಂತೂ ಖಚಿತ. ಎಲ್ಲವನ್ನೂ ಸಂಶಯದಿಂದ ನೋಡು ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ವಯಸ್ಸು ನನ್ನ ನೆನಪನ್ನೂ ಅದಕ್ಕೆ ಸೇರಿಸಿತ್ತು. ಮತ್ತೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಇಷ್ಟು ಓದಿದವನು ಅಂಥ ಪ್ರಶ್ನೆ ಕೇಳುವುದೇ? ಅತ್ತೆಯ ಫ್ರಿಜ್ಜಿನ ಬರ್ಫನ್ನೆಲ್ಲ ಸ್ಟೀಲ್ ಡಬ್ಬಿಗೆ ಸುರಿದು, ನಡುವೆ ರಕ್ತದ ಕೊಳವೆಗಳನ್ನು ಮಲಗಿಸಿದೆ.

ಅಷ್ಟರಲ್ಲಿ ನೆರೆಮನೆಯಾಕೆ ಒಂದು ಚೀಲ ತಂದಳು. ಪೇಟೆಗೆ ಹೊರಟವರ ಕೈಯಲ್ಲಿ ಬುತ್ತಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅವಳ ಮಗ ಬಸಣ್ಣನಿಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿ. ಬಸ್ ಸ್ಟ್ಯಾಂಡಿಗೇ ಬಂದು ಒಯ್ಯುತ್ತಾನೆ. ಅವಳ ಚೀಲ ಹಳದಿ. ರಕ್ತದ ಡಬ್ಬಿ ಇಟ್ಟ ನಮ್ಮದೂ ಹಳದಿ. ಈಚೆಗೆ ಗೌಡರ ಮನೆಯ ಮದುವೆಯಲ್ಲಿ ಊರಿಗೆಲ್ಲ ಅದೇ ಚೀಲ ಹಂಚಿದ್ದರು. ಗುರುತಿಗೆಂದು ಅತ್ತೆ ಒಂದಕ್ಕೆ ಕೆಂಪು ದಾರ ಕಟ್ಟಿದರು.

ಯಾವುದಕ್ಕೆ? ಬಸ್ಸು ಇಳಿಯುವಾಗ ಅದು ನೆನಪಿರಲಿಲ್ಲ. ತರ್ಕಬದ್ಧವಾಗಿ ಯೋಚಿಸಿದೆ: ಗುರುತು ಬೇಕಾದದ್ದು ಪರರ ವಸ್ತುವಿಗೆ. ದಾರದ ಚೀಲವನ್ನು ಬಸಣ್ಣನ ಕೈಗಿತ್ತು ಗಂಭೀರವಾಗಿ ಆಸ್ಪತ್ರೆಗೆ ನಡೆದೆ.

ಡಾಕ್ಟರು ಡಬ್ಬಿ ತೆರೆದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಡಿಕೆಕಾಳಿನ ಪಲ್ಯ.

"ಜೀವಂತ ಕೋಶ ತರ್ರಿ ಅಂದಿದ್ದೆ," ಎಂದರು. "ಇವು ಬೆಂದಾವು."

ಚೀಲ ಅದಲುಬದಲಾದದ್ದನ್ನು ಹೇಳಿದೆ.

"ಸಂಜಿಯೊಳಗ ರಕ್ತ ಬರದಿದ್ರ ಮತ್ತ ತಗೀಬೇಕಾಗ್ತದ. ಅಲ್ಲೀತನಕ ನಿಮ್ಮ ಮನಿಯವ್ರಿಗೆ ಔಷಧ ಕೊಡಾಕ ಬರೂದಿಲ್ಲ. ಬರ್ಫಿನ್ಯಾಗಂತೂ ಇಟ್ಟಿಲ್ಲಲ್ಲ? ಇಟ್ರ ಕೆಡ್ತಾವು ಅಂತ ಹೇಳಿದ್ನಲ್ಲ."

ಆ ಕ್ಷಣ ನನ್ನ ನೆನಪು ಸಂಪೂರ್ಣವಾಗಿ ಮರಳಿತು. ಗಿರಿಜೆಯ ಬಾತ ಬೆರಳುಗಳೂ ಕಣ್ಣ ಮುಂದೆ ಬಂದವು. ಓಡಿದೆ.

ಬಸಣ್ಣ ಅಂಗಡಿಯ ಹೊರಗೆ ಬೆವರುತ್ತ ನಿಂತಿದ್ದ. "ಕಾಕಾ, ಯಾರೋ ಬುತ್ತ್ಯಾಗ ಮಾಟ ಮಾಡಿ ಕಳಿಸ್ಯಾರ್ರಿ. ಕೆಂಪು ದಾರ ನೋಡಿದಾಗನ ಸಂಶಯ ಬಂತು. ಅಲ್ಲೇ ಬಸ್ ಸ್ಟ್ಯಾಂಡಿನ್ಯಾಗ ತಗದು ನೋಡಿದ್ರ, ಒಳಗ ರಕ್ತ!"

ಬರ್ಫನ್ನು ಅಲ್ಲೇ ಗಟಾರಕ್ಕೆ ಚೆಲ್ಲಿದ್ದ. ಕೊಳವೆ ಒಡೆದರೆ ಮಾಟ ತಗಲೀತೆಂದು ಹೆದರಿ ಅವನ್ನು ಹೊಸ ಟವೆಲಿನಲ್ಲಿ ಸುತ್ತಿ, ನೆರಳಿನ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲೊಂದು ನಿಂಬೆಹಣ್ಣು ಕೂರಿಸಿದ್ದ.

"ಮಾಟ ಅಲ್ಲೋ ಮಾರಾಯಾ. ಅದು ನಿಮ್ಮ ಗಿರಿಜಾ ಕಾಕೂನ ರಕ್ತ."

"ಯಪ್ಪಾ! ಕಾಕೂಗ ನಾ ಏನ್ ಮಾಡೇನ್ರಿ?"

ವಿವರಿಸಿ, ಟವೆಲ್ ಸಮೇತ ಕೊಳವೆಗಳನ್ನು ಎತ್ತಿಕೊಂಡೆ. ಹಿಂದಿನಿಂದ ಕೂಗಿದ: "ಮತ್ತ ನನ್ನ ರೊಟ್ಟಿ?"

"ಡಾಕ್ಟರ ಹತ್ರ ಅದಾವು."

"ಅವೂ ಟೆಸ್ಟಿಗೆ ಹೋದವೇನ್ರಿ?"

ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ನಾನು ಕಾದಷ್ಟು ನನ್ನ ಎಂ.ಎಸ್ಸಿ. ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ. ಕೊನೆಗೆ ಡಾಕ್ಟರು ಹೊರಬಂದರು. "ನಿಮ್ಮ ಪುಣ್ಯ. ಜೀವಂತ ಅದಾವು. ಪರೀಕ್ಷೆ ನಡದದ. ಇವತ್ತ ಗುಳಿಗಿ ಶುರು ಮಾಡಾಕ ಹೇಳ್ರಿ." ಯಾವಾಗ, ಹೇಗೆ ತೆಗೆದುಕೊಳ್ಳಬೇಕೆಂಬುದನ್ನೂ ಬಿಡಿಸಿ ಹೇಳಿದರು.

ಎದೆಯ ಮೇಲಿನ ಕಲ್ಲು ಇಳಿಯಿತು. ಟವೆಲಿಗೂ, ನಿಂಬೆಹಣ್ಣಿಗೂ, ನಾನು ನಂಬದ ಎಲ್ಲ ಶಕ್ತಿಗಳಿಗೂ ಮನಸ್ಸಿನಲ್ಲೇ ಕೈಮುಗಿದು ಗಿರಿಜೆಗೆ ಫೋನ್ ಮಾಡಿದೆ.

ಆಕೆ ಮೆಲ್ಲಗೆ, "ಹಂಗಾರ ಇವತ್ತ ತಗೋಬಹುದೇನ್ರಿ?" ಎಂದಳು.

"ಹೂಂ. ಊಟಾದ ಮ್ಯಾಲೆ ಒಂದು... ಅಲ್ಲ, ಊಟದ ಮೊದಲ... ತಡಿ, ಎರಡು ಅಂದ್ರೇನೋ..."

"ಅಲ್ಲೇ ನಿಲ್ಲಸ್ರಿ," ಎಂದಳು. "ಡಾಕ್ಟರ ಕೈಯಾಗ ಫೋನ್ ಕೊಟ್ಟು ನೀವು ಹೊರಗ ಕುಂದರ್ರಿ."

ಡಾಕ್ಟರ ಕೋಣೆಗೆ ಹೋಗಿ ಫೋನ್ ಕೊಟ್ಟು, ಹೊರಗೆ ಕೂತೆ.