ಜೋಳಕ್ಕೆ ಅರ್ಥಶಾಸ್ತ್ರ, ಮೆಣಸಿನಕಾಯಿಗೆ ರಾಜಕೀಯ

ನಮ್ಮ ದೊಡ್ಡವ್ವನ ಗಿರಣಿಗೆ ಜೋಳ ಒಯ್ದವರು ಬರೀ ಹಿಟ್ಟು ಹೊತ್ತು ಮನೆಗೆ ಮರಳಿದ್ದೇ ಇಲ್ಲ! ಜೊತೆಗೆ ಒಂದಿಷ್ಟು ದೇಶದ ಚಿಂತೆಯೂ ತಲೆ ಏರಿರುತ್ತಿತ್ತು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಕಲಿತದ್ದು ಏಳನೇ ಇಯತ್ತೆ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯ ಗಿರಣಿಯನ್ನು ತಾನೇ ನಡೆಸಿದಳು. ಹಾವೇರಿಯ ಲೈಬ್ರರಿಯಿಂದ, ರಾಣೆಬೆನ್ನೂರಿನ ರದ್ದಿ ಅಂಗಡಿಗಳಿಂದ ಪುಸ್ತಕ ತಂದು ಹಲಗೆಯ ಮೇಲೆ ಜೋಡಿಸಿದ್ದಳು. ಮೊಬೈಲು ಇನ್ನೂ ಉಳ್ಳವರ ಕಿಸೆಯಲ್ಲಷ್ಟೇ ಇದ್ದ ಕಾಲ. ಸರದಿಯಲ್ಲಿ ಕೂತವರಿಗೆ ತಪ್ಪಿಸಿಕೊಳ್ಳಲು ದಾರಿ ಎಲ್ಲಿ? ಡಾಕ್ಟರು ಗುಳಿಗೆ ಬರೆದುಕೊಟ್ಟಂತೆ ಓದಲು ಪುಸ್ತಕ ಕೊಡುತ್ತಿದ್ದಳು. ಜೋಳ ತಂದವರಿಗೆ ಅರ್ಥಶಾಸ್ತ್ರ. ಗೋಧಿಗೆ ವಿಜ್ಞಾನ. ಖಾರಪುಡಿ ಮಾಡಿಸಲು ಬಂದವರಿಗೆ ರಾಜಕೀಯ. ಹೇಗೂ ಕಣ್ಣಲ್ಲಿ ನೀರು ಬರುವುದೇ ಅಲ್ಲವೇ! ಪ್ಲಾಸ್ಟಿಕ್ ಚೀಲ ಹಿಡಿದು ಬಂದವರಿಗೆ ಮಾತ್ರ ಕಡ್ಡಾಯವಾಗಿ ಪರಿಸರ, ಅದೂ ಎರಡು ಅಧ್ಯಾಯ.

ಮೋಟೆಬೆನ್ನೂರಿನ ಅಜ್ಜನೊಬ್ಬ ಒಮ್ಮೆ ಜಗಳಕ್ಕೇ ನಿಂತ.

“ಯವ್ವಾ, ನನಗ ಹಿಟ್ಟು ಬೇಕು, ಅರ್ಥಶಾಸ್ತ್ರ ಅಲ್ಲ.”

“ಸುಗ್ಗ್ಯಾಗ ಜ್ವಾಳದ ರೇಟು ಯಾಕ ಬೀಳತೈತಿ ಹೇಳ್ರಿ ನೋಡೂಣು?”

“ನನಗೇನ ಗೊತ್ತವಾ!”

“ಅದಕ್ಕ ಹದಿನೇಳನೇ ಪುಟ ಓದ್ರಿ.”

ಅಜ್ಜ ಗೊಣಗುತ್ತಲೇ ಓದಿದ. ಮರುವಾರ ಜೋಳವಿಲ್ಲದೆ ಬರಿಗೈಯಲ್ಲಿ ಬಂದ. “ಹದಿನೆಂಟನೇ ಪುಟ ಕೊಡು, ಮುಂದ ಏನಾತು ನೋಡಬೇಕು!”

ನಮ್ಮಕ್ಕನನ್ನು ನೋಡಲು ಐರಣಿಯಿಂದ ಗಂಡಿನವರು ಬಂದಾಗಲಂತೂ ಕೇಳಬೇಡಿ. ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಅವರು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಹುಡುಗನಿಗೆ, “ಓಝೋನ್ ಪದರಕ್ಕ ತೂತು ಯಾಕ ಬಿತ್ತಪಾ?” ಎಂದಳು. ಹುಡುಗ ಬೆವರಿದ. ಅವನ ಅಪ್ಪ ಗಾಬರಿಯಿಂದ ಕೈಮುಗಿದು, “ನಮ್ಮ ಮಂದಿ ಅಂಥಾದ್ದೇನೂ ಮಾಡಿಲ್ರಿ ತಾಯಿ!” ಎಂದ. ಸಂಬಂಧ ಮುರಿಯಿತೆಂದು ನಮ್ಮವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ನಾಲ್ಕೇ ದಿನಕ್ಕೆ ಹುಡುಗ ಗಿರಣಿ ಹುಡುಕಿಕೊಂಡು ಬಂದು ಉತ್ತರ ಒಪ್ಪಿಸಿದ. “ಛಲೋ ಹುಡುಗ ಅದಾನ, ಕೊಡ್ರಿ,” ಎಂದಳು ದೊಡ್ಡವ್ವ. ಈಗ ಅವನೇ ನಮ್ಮ ಭಾವ!

ಇದಕ್ಕೆಲ್ಲ ನಾನು ನಗುತ್ತಿದ್ದೆ, ನನ್ನ ಸರದಿ ಬರುವವರೆಗೆ. ಪಿಯುಸಿ ಎರಡನೇ ವರ್ಷ ಫಿಸಿಕ್ಸಿನಲ್ಲಿ ನಪಾಸಾದೆ. ರಾಣೆಬೆನ್ನೂರಿನ ಮನೆಯಲ್ಲಿ ಅಪ್ಪ, “ಸಾಲಿ ಕಲತದ್ದು ಸಾಕು, ಇಕೀಗೂ ಒಂದು ವರ ನೋಡೂಣು,” ಎಂದ. ಎರಡು ದಿನ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದೆ. ದೊಡ್ಡವ್ವ ಬಂದವಳೇ, “ಒಂದು ವರ್ಷ ಇಕೀನ್ನ ನನಗ ಕೊಡು,” ಎಂದು ಅಪ್ಪನಿಗೆ ಹೇಳಿ ನನ್ನನ್ನು ಬ್ಯಾಡಗಿ ಬಸ್ಸು ಹತ್ತಿಸಿದಳು.

ಸರದಿಯಲ್ಲಿ ಕೂತವರಿಗೆ ದಿನಕ್ಕೊಂದು ಪಾಠ ಹೇಳುವುದು, ಗಿರಣಿಯಲ್ಲಿ ನನ್ನ ಕೆಲಸ. “ಮೋಟಾರು ಹೆಂಗ ತಿರಗತೈತಿ ಹೇಳು. ಇವರಿಗೆ ತಿಳೀಲಿಲ್ಲಂದ್ರ ನಿನಗ ತಿಳಿದಿಲ್ಲ ಅಂತ ಅರ್ಥ,” ಎಂದಳು ದೊಡ್ಡವ್ವ. ಬೆಲ್ಟಿನ ಗದ್ದಲದಲ್ಲಿ ಗಂಟಲು ಹರಿಯುವಂತೆ ಕೂಗಿ ಹೇಳಿದೆ. ನಾಲ್ಕನೇ ದಿನ, ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದ ಹೆಂಗಸೊಬ್ಬಳು ನನ್ನ ಮುಖವನ್ನೇ ನೋಡಿ, “ಅಯ್ಯ, ಇಷ್ಟ ಹೌದಲ್ಲ? ಇದಕ್ಕ ನಪಾಸಾದೇನವಾ?” ಎಂದಳು. ನಾಚಿಕೆಯಾಗಬೇಕಿತ್ತು. ಎಷ್ಟೋ ದಿನಗಳ ಮೇಲೆ ನಗು ಬಂತು.

ಮರುವರ್ಷ ಪಾಸಾದೆ. ಬಿಎಸ್ಸಿ, ಬಿಎಡ್ ಮುಗಿಯಿತು. ಹಾವೇರಿಯ ಹೈಸ್ಕೂಲೊಂದಕ್ಕೆ ವಿಜ್ಞಾನ ಶಿಕ್ಷಕಿಯಾಗಿ ನೇಮಕವಾದ ದಿನ, ಆದೇಶದ ಕಾಗದ ಹಿಡಿದು ನೆಟ್ಟಗೆ ಬ್ಯಾಡಗಿಗೆ ಹೋದೆ. ಗಿರಣಿ ತುಂಬ ಮಂದಿ. ದೊಡ್ಡವ್ವ ಸ್ವಿಚ್ಚು ಆರಿಸಿದಳು. ಆ ನಿಶ್ಶಬ್ದದಲ್ಲಿ ನಿಂತೇ ಇಡೀ ಕಾಗದವನ್ನು ಗಟ್ಟಿಯಾಗಿ ಓದಿದಳು: ತಾರೀಖು, ನನ್ನ ಹೆಸರು, ಷರತ್ತುಗಳು, ಕೊನೆಗೆ ಸಾಹೇಬರ ರುಜು. ಹಿಟ್ಟು ಮೆತ್ತಿದ ಕೆನ್ನೆಗಳ ಮೇಲೆ ಎರಡು ಒದ್ದೆ ಗೆರೆ ಇಳಿದವು. ನಾನು ಕಾಲಿಗೆ ಬೀಳಲು ಬಗ್ಗುವಷ್ಟರಲ್ಲಿ ಅವಳೇ ನನ್ನನ್ನು ಬಾಚಿ ತಬ್ಬಿಕೊಂಡಳು.

“ಇಷ್ಟು ಛಲೋ ಬರದದ್ದು ನಾ ಎಲ್ಲೂ ಓದಿಲ್ಲ, ಮಗಳ.”